ಚಿಗರಿಗೆ ಒಂದು ಮೊಳ ಬಿಟ್ಟು ಬೇಲಿ ಹಾಕುವ ಬಗೆ

ಹತ್ತೊಂಬತ್ತು ವರ್ಷದಿಂದ ಹೊಲಗಳಿಗೆ ತಂತಿಬೇಲಿ ಹಾಕುವುದೇ ನನ್ನ ಕಸುಬು. ಬೀದರ ಜಿಲ್ಲೆಯ ಔರಾದ ತಾಲ್ಲೂಕಿನಲ್ಲಿ ನಮ್ಮೂರು. ಒಂದು ಕಡೆಯ ಬದು ದಾಟಿದರೆ ಮಹಾರಾಷ್ಟ್ರ, ಇನ್ನೊಂದು ಕಡೆ ಸ್ವಲ್ಪ ನಡೆದರೆ ತೆಲಂಗಾಣ. ನಮ್ಮ ಸೀಮೆಯ ಚಿಗರಿ ಹಿಂಡುಗಳು ಬೆಳಿಗ್ಗೆ ಅತ್ತ ಮೇದು ಸಂಜೆಗೆ ಇತ್ತ ಬರುತ್ತವೆ. ಪುಸ್ತಕದಲ್ಲಿ ಕೃಷ್ಣಮೃಗ ಅನ್ನುತ್ತಾರಲ್ಲ, ಅದೇ ನಮ್ಮ ಚಿಗರಿ. ಮೂರು ರಾಜ್ಯಗಳ ಗಡಿ ಅವಕ್ಕೆ ಯಾವತ್ತೂ ಅಡ್ಡ ಬಂದದ್ದಿಲ್ಲ, ಅಲ್ಲಿ ನೆಟ್ಟ ಕಲ್ಲು ಬಿಟ್ಟರೆ ಬೇರೇನೂ ಇಲ್ಲ. ಅಡ್ಡ ಬಂದದ್ದು ನನ್ನಂಥವರು ಜಗ್ಗಿ ಕಟ್ಟಿದ ತಂತಿ.

ನಾಲ್ಕು ವರ್ಷದ ಹಿಂದೆ, ಕಡಲೆ ಗಿಡದಲ್ಲಿ ಕಾಯಿ ಕೂಡುವ ಹೊತ್ತು. ನಸುಕಿನಲ್ಲಿ ಹೊಲದ ಮಾಲೀಕರ ಫೋನ್ ಬಂತು. "ನೀ ಜಗ್ಗಿದ ತಂತ್ಯಾಗ ಚಿಗರಿ ಸಿಕ್ಕೊಂಡದ, ಲಗೂ ಬಾ" ಅಂದರು. ಹೋಗಿ ನೋಡಿದರೆ ಹೆಣ್ಣು ಚಿಗರಿ. ಮೇಲಿನ ಎರಡು ತಂತಿಗಳ ನಡುವೆ ಹಿಂಗಾಲು ಸಿಕ್ಕಿತ್ತು. ಜಿಗಿಯುವಾಗ ಕಾಲು ಮೇಲ್ತಂತಿಯ ಕೆಳಗೆ ಹೋಗಿ, ಮೈಭಾರಕ್ಕೆ ಎರಡೂ ತಂತಿ ಹಗ್ಗದ ಹುರಿಯಂತೆ ಹೊಸೆದುಕೊಂಡಿದ್ದವು. ಮುಂಗಾಲು ನೆಲಕ್ಕೆ ತಾಗುತ್ತಿದ್ದವು. ರಾತ್ರಿಯಿಡೀ ಕೆರೆದು ಕೆರೆದು ಎರೆಮಣ್ಣಿನಲ್ಲಿ ಕುಡುಗೋಲಿನ ಆಕಾರದ ಒಂದು ಗುಂಡಿಯನ್ನೇ ಮಾಡಿತ್ತು. ಇಕ್ಕಳದಿಂದ ತಂತಿ ಕತ್ತರಿಸಿ ಇಳಿಸಿದೆ. ಹೊತ್ತು ಮಾರುದ್ದ ಏರುವುದರೊಳಗೆ ಅದರ ಉಸಿರು ನಿಂತಿತು.

ಆ ಬೇಲಿ ಹಾಕಿದಾಗ ನನಗೆ ಹೆಮ್ಮೆಯಿತ್ತು. ತಂತಿ ಬೆರಳಿನಿಂದ ಮೀಟಿದರೆ ಏಕತಾರಿಯ ಹಾಗೆ ನುಡಿಯಬೇಕು ಎಂದು ನನಗೆ ಕೆಲಸ ಕಲಿಸಿದ ಮಾವ ಹೇಳುತ್ತಿದ್ದರು, ಅದು ಹಾಗೇ ನುಡಿಯುತ್ತಿತ್ತು. ಬಿಗಿಯಲ್ಲಿ ತಪ್ಪಿರಲಿಲ್ಲ. ತಪ್ಪಿದ್ದು ಅಳತೆಯಲ್ಲಿ. ಆಮೇಲಿಂದ ನಾನು ಅಳತೆ ಬದಲಾಯಿಸಿದ್ದೇನೆ. ಹೊಲದವರಿಗೂ ನಷ್ಟವಿಲ್ಲದೆ, ದಾಟುವ ಪ್ರಾಣಿಗೂ ಸಾವಿಲ್ಲದೆ ಬೇಲಿ ಹಾಕುವುದು ಹೇಗೆ ಎಂದು ಈ ನಾಲ್ಕು ವರ್ಷದಲ್ಲಿ ಓದಿ, ಕೇಳಿ, ಮಾಡಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನೀವೇ ಹಾಕುವವರಾಗಲಿ, ಹಾಕಿಸುವವರಾಗಲಿ, ಕಂಬ ತರುವ ಮೊದಲು ಇದನ್ನು ಓದಿ.

ಚಿಗರಿ ಬೇಲಿಯನ್ನು ಹೇಗೆ ದಾಟುತ್ತದೆ

ಬಯಲಿನಲ್ಲಿ ಹಿಂಡು ಬೆದರಿದಾಗ ಒಂದರ ಹಿಂದೆ ಒಂದು ಆಳೆತ್ತರ ಪುಟಿಯುವುದನ್ನು ನೋಡಿದವರು, ಇದಕ್ಕೆ ಬೇಲಿ ಯಾವ ಲೆಕ್ಕ ಅಂದುಕೊಳ್ಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಸಾವಧಾನವಾಗಿ ನಡೆದು ಬರುವ ಚಿಗರಿ ಬೇಲಿಯ ಮುಂದೆ ನಿಂತು, ತಲೆ ತಗ್ಗಿಸಿ, ಮೊಣಕಾಲು ಮಡಿಸಿ ಕೆಳಗಿನಿಂದ ನುಸುಳುತ್ತದೆ. ಜಿಗಿಯುವುದು ನಾಯಿ ಬೆನ್ನುಹತ್ತಿದಾಗ, ಮನುಷ್ಯರು ಹೋ ಎಂದು ಕೂಗಿ ಓಡಿಸಿದಾಗ, ಕೆಳಗೆ ಜಾಗವೇ ಇಲ್ಲದಾಗ. ಅಮೆರಿಕದ ಟೆಕ್ಸಾಸ್‌ನಲ್ಲಿ ನಮ್ಮ ದೇಶದಿಂದಲೇ ಒಯ್ದು ಸಾಕಿದ ಕೃಷ್ಣಮೃಗಗಳಿವೆ. ಅಲ್ಲಿಯ ದನ ಸಾಕುವವರು ಕಂಡದ್ದೂ ಇದನ್ನೇ: ಅವು ಬೇಲಿ ಹಾರುವುದು ಅಪರೂಪ, ನುಸುಳುವುದೇ ಹೆಚ್ಚು.

ಅದೇ ದೇಶದಲ್ಲಿ ಪ್ರಾಂಗ್‌ಹಾರ್ನ್ ಎಂಬ ಜಿಂಕೆಯಂಥ ಪ್ರಾಣಿಯಿದೆ. ಆ ಖಂಡದಲ್ಲಿ ಅದರಷ್ಟು ವೇಗವಾಗಿ ಓಡುವ ಇನ್ನೊಂದು ಪ್ರಾಣಿ ಇಲ್ಲ. ಸಾವಿರಾರು ವರ್ಷ ಬಟಾಬಯಲಿನಲ್ಲೇ ಬದುಕಿದ್ದರಿಂದ ಎತ್ತರ ಜಿಗಿಯುವ ರೂಢಿ ಅದಕ್ಕೆ ಬರಲಿಲ್ಲ. ಚಳಿಗಾಲಕ್ಕೂ ಬೇಸಿಗೆಗೂ ನೂರಾರು ಕಿಲೋಮೀಟರ್ ವಲಸೆ ಹೋಗುವ ಈ ಪ್ರಾಣಿ ದನದ ಬೇಲಿಗಳ ಮುಂದೆ ನಿಂತುಬಿಡುತ್ತಿತ್ತು, ಇಲ್ಲವೇ ಮುಳ್ಳುತಂತಿಯ ಕೆಳಗೆ ಬೆನ್ನು ಸುಲಿಸಿಕೊಂಡು ನುಸುಳುತ್ತಿತ್ತು. ಇದನ್ನು ನೋಡಿ ಅಲ್ಲಿಯವರು ಬೇಲಿಗೆ ಹೊಸ ಅಳತೆ ಮಾಡಿಕೊಂಡರು. ಕೆಳತಂತಿ ನೆಲದಿಂದ 16ರಿಂದ 18 ಇಂಚು ಎತ್ತರದಲ್ಲಿರಬೇಕು, ಅದಕ್ಕೆ ಮುಳ್ಳು ಇರಬಾರದು. ಮೇಲ್ತಂತಿ 40ರಿಂದ 42 ಇಂಚು ದಾಟಬಾರದು. ಮೇಲಿನ ಎರಡು ತಂತಿಗಳ ನಡುವೆ 12 ಇಂಚಾದರೂ ಅಂತರ ಬೇಕು.

ಈ 18 ಇಂಚು ಓದಿದಾಗ ನಾನು ಟೇಪು ಹುಡುಕಲಿಲ್ಲ. ಮೊಣಕೈಯಿಂದ ನಡುಬೆರಳ ತುದಿವರೆಗೆ ಒಂದು ಮೊಳ, ಅದೇ ಹದಿನೆಂಟು ಇಂಚು. ಹೂವು ಅಳೆಯುವ ಮೊಳ. ಈಗ ಪ್ರತಿ ಕಂಬದ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು ಮೊಣಕೈ ನೆಲಕ್ಕೂರುತ್ತೇನೆ, ಬೆರಳ ತುದಿಗೆ ತಾಗುವಲ್ಲಿ ಸುಣ್ಣದ ಗೆರೆ ಎಳೆಯುತ್ತೇನೆ. ಕೆಳತಂತಿ ಅಲ್ಲಿ.

ಅಳತೆ

ಇಷ್ಟು ನೆನಪಿಟ್ಟರೆ ಸಾಕು. ನಾಲ್ಕು ತಂತಿ. ಕೆಳಗಿನದು ನೆಲದಿಂದ ಒಂದು ಮೊಳ, ಮುಳ್ಳಿಲ್ಲದ ಸಾದಾ ಜಿಐ (ಸತು ಲೇಪಿಸಿದ) ತಂತಿ. ಅದರ ಮೇಲೆ 6 ಇಂಚಿಗೆ ಎರಡನೆಯದು, ಇನ್ನಾರು ಇಂಚಿಗೆ ಮೂರನೆಯದು. ಇವೆರಡು ಮುಳ್ಳುತಂತಿ ಇದ್ದರೂ ನಡೆಯುತ್ತದೆ, ದನ ಎದೆ ಕೊಡುವುದು ಇವಕ್ಕೇ. ಮೂರನೆಯದರ ಮೇಲೆ ಒಂದು ಫೂಟು ಪೂರಾ ಬಿಟ್ಟು ನಾಲ್ಕನೆಯದು, ಅದೂ ಸಾದಾ ತಂತಿ. ಆಗ ಮೇಲ್ತಂತಿ ಮೂರೂವರೆ ಫೂಟಿಗೆ, ಹೆಚ್ಚು ಕಡಿಮೆ ಸೊಂಟದ ಮಟ್ಟಕ್ಕೆ ಬಂತು.

ಮೇಲಿನ ಆ ಒಂದು ಫೂಟಿನ ಅಂತರವನ್ನು ಯಾರೇ ಹೇಳಿದರೂ ಕಡಿಮೆ ಮಾಡಬೇಡಿ. ನನ್ನ ಕೈಯಲ್ಲಿ ಸತ್ತ ಚಿಗರಿಯ ಕಾಲು ಸಿಕ್ಕಿದ್ದು ಅಲ್ಲಿ, ಐದು ಇಂಚಿನ ಅಂತರದಲ್ಲಿ. ಜಿಗಿಯುವ ಪ್ರಾಣಿ ಹಿಂಗಾಲನ್ನು ಮಡಿಸಿ ಮುಂದಕ್ಕೆ ಎಳೆದುಕೊಳ್ಳುತ್ತದೆ. ಮೇಲ್ತಂತಿಯ ಕೆಳಗೆ ಗೊರಸು ಹೋಯಿತೆಂದರೆ ಹತ್ತಿರದ ಎರಡು ತಂತಿ ಕತ್ತರಿಯಂತೆ ಹಿಡಿಯುತ್ತವೆ. ಅಂತರ ಅಗಲವಿದ್ದರೆ ಗೊರಸು ಜಾರಿ ಬಿಡಿಸಿಕೊಳ್ಳುತ್ತದೆ.

ಕಂಬ ಎಂಟರಿಂದ ಹತ್ತು ಫೂಟಿಗೊಂದು ಸಾಕು. ಎರೆಹೊಲದಲ್ಲಿ ಎರಡೂವರೆ ಫೂಟು ಆಳ ತೋಡಿ, ಯಾಕೆಂದರೆ ಬೇಸಿಗೆಯಲ್ಲಿ ನೆಲ ಬಾಯಿ ಬಿಡುತ್ತದೆ, ಮಳೆಗಾಲದಲ್ಲಿ ಉಬ್ಬುತ್ತದೆ, ಕಂಬ ಕುಡಿದವನಂತೆ ವಾಲುತ್ತದೆ. ಮಸಾರಿ ನೆಲದಲ್ಲಿ ಸಬ್ಬಲು ಕಲ್ಲಿಗೆ ತಾಗುವವರೆಗೆ ಹೋದರೆ ಆಯಿತು. ಮೂಲೆಯ ಕಂಬಕ್ಕೆ ಎರಡು ಕಡೆಯಿಂದ ಆಸರೆಗೆ ಓರೆಕಂಬ ಕೊಡಿ. ಉಳಿದ ಕೆಲಸ ಎಲ್ಲ ಬೇಲಿಯಂತೆಯೇ.

ಇನ್ನೊಂದು ಮಾತು. ಓಡುವ ಪ್ರಾಣಿಗೆ ತೆಳ್ಳನೆಯ ತಂತಿ ಕಾಣುವುದು ಮೈಮೇಲೆ ಬಂದಾಗಲೇ. ಗೊಬ್ಬರದ ಬಿಳಿ ಚೀಲವನ್ನು ಎರಡು ಬೆರಳಗಲ ಪಟ್ಟಿ ಮಾಡಿ ಮೇಲ್ತಂತಿಗೆ ಮಾರಿಗೊಂದರಂತೆ ಗಂಟು ಹಾಕಿ. ಗಾಳಿಗೆ ಅಲ್ಲಾಡುತ್ತ ದೂರಕ್ಕೇ ಕಾಣುತ್ತದೆ. ಹೊಸ ಬೇಲಿಗಂತೂ ಮೊದಲ ಆರು ತಿಂಗಳು ಇದು ಬೇಕೇ ಬೇಕು. ನಿನ್ನೆವರೆಗೆ ಬಯಲಿದ್ದ ಜಾಗಕ್ಕೆ ಹಿಂಡು ಹಳೆಯ ನಂಬಿಕೆಯಲ್ಲಿ ಓಡಿ ಬರುತ್ತದೆ.

ಕಂಬ ನೆಡುವ ಮೊದಲು ಹಾದಿ ಹುಡುಕಿ

ಅಳತೆಗಿಂತ ದೊಡ್ಡ ಕೆಲಸ ಇದು. ಜನ ಮಾಡದಿರುವುದೂ ಇದನ್ನೇ.

ಚಿಗರಿಗಳು ಹೊಲದ ತುಂಬ ಅಡ್ಡಾದಿಡ್ಡಿ ತಿರುಗುವಂತೆ ಕಂಡರೂ ಅವು ದಾಟುವ ಜಾಗಗಳು ಬೆರಳೆಣಿಕೆಯಷ್ಟು. ನಮ್ಮ ಕಡೆ ಹಗಲು ಗಾಯರಾಣದಲ್ಲಿ (ಊರ ಗೋಮಾಳದಲ್ಲಿ) ಅಥವಾ ಬೀಳು ಬಿದ್ದ ಮಡ್ಡಿಯಲ್ಲಿ ಇದ್ದು, ಇಳಿಹೊತ್ತಿಗೆ ಹಳ್ಳದ ನೀರಿನ ಕಡೆ ಹೊರಡುತ್ತವೆ. ಒಂದು ಮಳೆ ಬಿದ್ದು ಎರಡು ದಿನ ಆರಿದ ಎರೆನೆಲದಲ್ಲಿ ಬದುಗುಂಟ ನಡೆದು ನೋಡಿ. ಕುರಿಯ ಹೆಜ್ಜೆ ಮೊಂಡಾಗಿರುತ್ತದೆ. ಚಿಗರಿಯದು ಮುಂದಕ್ಕೆ ಚೂಪು, ಎರಡು ಹೋಳು ಮಾಡಿದ ಬಾದಾಮಿ ಬೀಜವನ್ನು ಅಕ್ಕಪಕ್ಕ ಇಟ್ಟ ಹಾಗೆ. ಗಂಡು ಚಿಗರಿ ತನ್ನ ಸೀಮೆ ಗುರುತಿಗೆ ಒಂದೇ ಜಾಗದಲ್ಲಿ ದಿನಾ ಹಿಕ್ಕೆ ಹಾಕುತ್ತದೆ, ಅಗಲವಾದ ರಾಶಿಯೇ ಆಗಿರುತ್ತದೆ. ಆ ರಾಶಿ ಕಂಡಲ್ಲಿ ಹಾದಿ ದೂರವಿಲ್ಲ.

ಪಕ್ಕದಲ್ಲಿ ಹಳೆಯ ಮುಳ್ಳುತಂತಿ ಬೇಲಿ ಇದ್ದರೆ ಇನ್ನೂ ಸುಲಭ. ಬಗ್ಗಿ ಒಂದೊಂದೇ ಮುಳ್ಳು ನೋಡುತ್ತ ಹೋಗಿ. ಕೆಳತಂತಿಯ ಮುಳ್ಳಿನಲ್ಲಿ ಕಂದು ಕೂದಲು ಸಿಕ್ಕಿದ್ದರೆ ಅದು ನುಸುಳುವಾಗ ಬೆನ್ನು ತಾಗಿದ್ದು. ಮೇಲ್ತಂತಿಯಲ್ಲಿ ಬಿಳಿ ಕೂದಲಿದ್ದರೆ ಜಿಗಿಯುವಾಗ ಹೊಟ್ಟೆ ತಾಗಿದ್ದು. ನಾನೊಮ್ಮೆ ಒಂದೇ ಮುಳ್ಳಿನಿಂದ ಹೆಬ್ಬೆರಳ ಗಾತ್ರದ ಕಂದು ಕೂದಲ ಗಂಟು ಬಿಡಿಸಿದ್ದೇನೆ. ಹೊಸದೂ ಹಳೆಯದೂ ಕೂಡಿ ಮೆತ್ತೆಯಾಗಿತ್ತು. ಎಷ್ಟೋ ವರ್ಷದಿಂದ ಎಷ್ಟೋ ಬೆನ್ನುಗಳು ಆ ಒಂದು ಮುಳ್ಳಿನ ಕೆಳಗೇ ಹೋಗಿದ್ದವು. ಸುತ್ತ ನೂರು ಮಾರು ಬೇಲಿಯಲ್ಲಿ ಬೇರೆಲ್ಲೂ ಒಂದು ಎಳೆ ಇರಲಿಲ್ಲ.

ಹಾದಿ ಅಂದರೆ ಏನು ಎಂದು ನನಗೆ ಮನವರಿಕೆ ಮಾಡಿದ್ದು ಆಫ್ರಿಕಾದ ಬೋಟ್ಸ್ವಾನ ದೇಶದ ಕಥೆ. ಅಲ್ಲಿ ದನಗಳಿಗೆ ಕಾಲುಬಾಯಿ ರೋಗ ಹರಡಬಾರದೆಂದು 1950ರ ದಶಕದಿಂದ ನೂರಾರು ಕಿಲೋಮೀಟರ್ ಉದ್ದದ ಬೇಲಿಗಳನ್ನು ಹಾಕಿದರು. 1958ರ ಕೂಕೆ ಬೇಲಿ ಕಲಹರಿ ಮರುಭೂಮಿಯಿಂದ ಉತ್ತರದ ನೀರಿನ ಕಡೆ ಹೋಗುವ ದಾರಿಗೆ ಅಡ್ಡವಾಯಿತು. 1980ರ ದಶಕದ ಬರದಲ್ಲಿ ನೀರು ಹುಡುಕಿಕೊಂಡು ಹೊರಟ, ಹುಲ್ಲು ಮೇಯುವ ಕಾಡುಪ್ರಾಣಿಗಳಾದ ವೈಲ್ಡ್‌ಬೀಸ್ಟ್‌ಗಳು ತಂತಿಗುಂಟ ನಡೆದು ನಡೆದು ಹತ್ತಾರು ಸಾವಿರ ಸತ್ತವು. ಅದೇ ದೇಶದಲ್ಲಿ ಒಕವಾಂಗೊ ನದಿಯ ಬಯಲಿಗೂ ಮಕ್ಗಾಡಿಕ್ಗಾಡಿಯ ಉಪ್ಪುನೆಲಕ್ಕೂ ನಡುವೆ 1968ರಲ್ಲಿ ಇನ್ನೊಂದು ಬೇಲಿ ಎದ್ದು, ಜೀಬ್ರಾಗಳ ವಲಸೆ ನಿಂತೇಹೋಗಿತ್ತು. 2004ರಲ್ಲಿ ಅದನ್ನು ಕಿತ್ತರು. ಬೇಲಿ ಏಳುವ ಮೊದಲಿನ ಹಾದಿ ಕಂಡ ಜೀಬ್ರಾ ಒಂದೂ ಬದುಕಿರಲಿಕ್ಕಿಲ್ಲ, ಮೂವತ್ತಾರು ವರ್ಷ ಕಳೆದಿತ್ತು. ಆದರೂ ಕೆಲವೇ ವರ್ಷದಲ್ಲಿ ಜೀಬ್ರಾಗಳು ಆ ಹಾದಿ ಹಿಡಿದವು. ಹೋಗಿಬರಲು ಐನೂರು ಕಿಲೋಮೀಟರಿಗೂ ಹೆಚ್ಚು. ಕೊರಳಿಗೆ ಯಂತ್ರ ಕಟ್ಟಿ ನೋಡಿದವರು ಅದನ್ನು 2011ರಲ್ಲಿ ಪ್ರಕಟಿಸಿದರು.

ನಾನು ಆ ಸಂಗತಿಯನ್ನು ಓದಿದ ರಾತ್ರಿ ಎದ್ದು ಹೊರಗೆ ಕೂತಿದ್ದೆ. ಕಿತ್ತರೆ ಸಾಕು, ತಿರುಗಿ ಬರುತ್ತವೆ. ನಾನು ಹಾಕಿದ ಎಷ್ಟು ಬೇಲಿಗಳಿಗೆ ಹಾಗೆ ಒಂದು ಕಂಡಿ ಬಿಡಿಸಬಹುದು ಎಂದು ಎಣಿಸುತ್ತ ಕೂತಿದ್ದೆ.

ಕಂಡಿ ಬಿಡುವುದಾದರೆ ಪ್ರಾಣಿ ಹಿಡಿಸುವಷ್ಟು ಬಿಡಬೇಕು. ಅಮೆರಿಕ ಮತ್ತು ಮೆಕ್ಸಿಕೊ ನಡುವಿನ ಮೂವತ್ತು ಫೂಟು ಎತ್ತರದ ಉಕ್ಕಿನ ಗೋಡೆಯಲ್ಲಿ ಸರಳಿನಿಂದ ಸರಳಿಗೆ ನಾಲ್ಕೇ ಇಂಚು. ಪ್ರಾಣಿಗಳಿಗೆಂದು ಅಲ್ಲಲ್ಲಿ ಬಿಟ್ಟ ಕಂಡಿ ಎಂಟೂವರೆಗೆ ಹನ್ನೊಂದು ಇಂಚು, ಅಂದರೆ ಅರ್ಜಿ ಬರೆಯುವ ಹಾಳೆಯಷ್ಟು. ನರಿಯಂಥವು ತೂರಬಹುದು. ಜಿಂಕೆಗೆ, ಕರಡಿಗೆ, ಜಾಗ್ವಾರ್‌ಗೆ ಅದು ಗೋಡೆಯೇ. ಪೋಲೆಂಡ್ 2022ರಲ್ಲಿ ಬೆಲಾರುಸ್ ಗಡಿಯಲ್ಲಿ 186 ಕಿಲೋಮೀಟರ್ ಉದ್ದ, ಐದೂವರೆ ಮೀಟರ್ ಎತ್ತರದ ಬೇಲಿ ಕಟ್ಟಿತು. ಅದು ಕಾಡೆಮ್ಮೆಗಳೂ ಲಿಂಕ್ಸ್ ಬೆಕ್ಕುಗಳೂ ಇರುವ ಬಿಯಾವೊವಿಯೆಝಾ ಎಂಬ ಹಳೆಯ ಕಾಡನ್ನು ಸೀಳಿಕೊಂಡು ಹೋಗಿದೆ. ಅವೆಲ್ಲ ಸರ್ಕಾರಗಳ ಬೇಲಿ, ನಮ್ಮ ಕೈಯಲ್ಲಿಲ್ಲ. ಹೊಲದ ಬೇಲಿ ನಮ್ಮ ಕೈಯಲ್ಲಿದೆ. ಒಂದು ಊರಿನಲ್ಲಿ ಇಪ್ಪತ್ತು ಹೊಲಕ್ಕೆ ಸಾಲಾಗಿ ತಂತಿ ಹೆಣೆದ ಜಾಳಿಗೆ ಬೇಲಿ ಬಿದ್ದರೆ ಚಿಗರಿಗೆ ಅದೂ ಗಡಿಗೋಡೆಯೇ.

"ಚಿಗರಿ ಬಿಡಾಕ ನಾ ರೊಕ್ಕ ಹಾಕ್ಲಿ?"

ಹೊಲದವರು ನನ್ನನ್ನು ಮೊದಲು ಕೇಳುವುದು ಇದನ್ನು. ಪಕ್ಕದೂರಿನ ಕಾಕಾ ಒಬ್ಬರು ಬಾಯಿ ಬಿಟ್ಟೇ ಕೇಳಿದರು: "ಏನಪ್ಪಾ, ತೊಗರಿ ಮೊಳಕಿ ಪೂರಾ ಮೇದು ಹೋಗ್ಯಾವ. ಅವಕ್ಕ ದಾರಿ ಬಿಟ್ಟು ಬೇಲಿ ಹಾಕಂತಿ, ಚಿಗರಿ ಬಿಡಾಕ ನಾ ರೊಕ್ಕ ಹಾಕ್ಲಿ?"

ಆ ಸಿಟ್ಟು ನ್ಯಾಯವಾದದ್ದು. ಸಾಲ ಮಾಡಿ ಬಿತ್ತಿದ ಬೀಜ ಎರಡೆಲೆ ಒಡೆದ ಮರುದಿನ ಹಿಂಡು ಹಾಯ್ದುಹೋದ ಹೊಲವನ್ನು ನಾನು ಕಂಡಿದ್ದೇನೆ. ನಮ್ಮ ಮನೆಯ ಸೋಯಾನೂ ಹೋಗಿದೆ. ಪ್ರಾಣಿಯ ಪರ ಮಾತಾಡುವವರು ಈ ನಷ್ಟವನ್ನು ಹಗುರ ಮಾಡಿ ಮಾತಾಡಿದರೆ ನನಗೆ ಸೇರುವುದಿಲ್ಲ.

ನಾನು ಕಾಕಾಗೆ ಹೇಳಿದ್ದು ಇದು: ಚಿಗರಿ ಬೆಳೆ ಕೆಡಿಸುವುದು ಮುಖ್ಯವಾಗಿ ಮೊದಲ ಮೂವತ್ತು, ನಲವತ್ತು ದಿನ, ಎಳೆ ಮೊಳಕೆ ಇದ್ದಾಗ. ತೊಗರಿ ಎದೆಮಟ್ಟ ಬೆಳೆದ ಮೇಲೆ ಅವು ಒಳಗೆ ಹೋಗಲು ಹಿಂಜರಿಯುತ್ತವೆ, ಯಾಕೆಂದರೆ ಬಯಲಿನ ಪ್ರಾಣಿಗೆ ಮುಂದೆ ಏನಿದೆ ಎಂದು ಕಣ್ಣಿಗೆ ಕಾಣಬೇಕು. ನಲವತ್ತು ದಿನದ ಕಾವಲಿಗೆ ಹನ್ನೆರಡು ತಿಂಗಳ ಗೋಡೆ ಯಾಕೆ? ನಮ್ಮ ಅಜ್ಜಂದಿರು ಜಾಲಿಮುಳ್ಳಿನ ಬೇಲಿ ಹಚ್ಚುತ್ತಿದ್ದದ್ದು ಬಿತ್ತನೆಗೆ. ಸುಗ್ಗಿ ಮುಗಿದ ಮೇಲೆ ಅದು ಒಲೆಗೆ ಹೋಗುತ್ತಿತ್ತು, ಹೊಲ ಬಯಲಾಗುತ್ತಿತ್ತು, ಊರ ದನವೂ ಕಾಡಿನ ಪ್ರಾಣಿಯೂ ಕೂಳೆ ಮೇಯುತ್ತಿದ್ದವು. ತಂತಿ ಬಂದ ಮೇಲೆ ಬೇಲಿ ಬಿಚ್ಚುವ ಪದ್ಧತಿಯೇ ಹೋಯಿತು.

ಹಾಗಾಗಿ ಹೀಗೆ ಮಾಡಿ. ನಾಲ್ಕು ತಂತಿಯ ಬೇಲಿ ಶಾಶ್ವತವಾಗಿ ಇರಲಿ. ಬಿತ್ತಿದ ದಿನ ಕೆಳತಂತಿಯಿಂದ ನೆಲದವರೆಗೆ ಹಳೆ ಸೀರೆ ಕಟ್ಟಿ, ಮೇಲಿನ ತಂತಿಗಳಿಗೂ ಇನ್ನೊಂದು ಸಾಲು ಕಟ್ಟಿ. ಸೀರೆಯ ಬೇಲಿ ನೀವೆಲ್ಲ ನೋಡಿದ್ದೀರಿ. ನನ್ನ ಮಟ್ಟಿಗೆ ಚಿಗರಿಗೆ ಅದಕ್ಕಿಂತ ಒಳ್ಳೆಯ ಬೇಲಿ ಇನ್ನೊಂದಿಲ್ಲ. ಗಾಳಿಗೆ ಹಾರುತ್ತದೆ, ಆಚೆ ಏನಿದೆ ಎಂದು ತೋರಗೊಡುವುದಿಲ್ಲ, ಅಪ್ಪಳಿಸಿದರೂ ಕೊಲ್ಲುವುದಿಲ್ಲ. ನಲವತ್ತು ದಿನ ಆದ ಮೇಲೆ ಬಿಚ್ಚಿ ಮಡಿಚಿಡಿ. ಹಾದಿ ಇರುವ ಕಡೆ ಮಾತ್ರ ಆ ನಲವತ್ತು ದಿನವೂ ಹೊಲದ ಹೊರಗಿನಿಂದ ಸುತ್ತಿ ಹೋಗಲು ಜಾಗ ಇರಬೇಕು. ಇದಕ್ಕೆ ಪಕ್ಕದ ಹೊಲದವರ ಜೊತೆ ಕೂತು ಮಾತಾಡಲೇಬೇಕು. ಇಬ್ಬರೂ ಬದುವಿಗೆ ಅಂಟಿಸಿ ಬೇಲಿ ಹಾಕಿದರೆ ನಡುವೆ ಬಂಡಿಯೂ ಹೋಗುವುದಿಲ್ಲ. ಎಂಟು ಹತ್ತು ಮಾರು ಅಗಲ ಬಿಟ್ಟರೆ ಹಿಂಡು ಧೈರ್ಯವಾಗಿ ಹಾಯುತ್ತದೆ. ಸಂದಿಯಂತೆ ಇಕ್ಕಟ್ಟಾದರೆ ಬಾಯಲ್ಲಿ ಬಂದು ನಿಂತು ತಿರುಗಿ ಹೋಗುತ್ತದೆ, ಆಮೇಲೆ ನಿಮ್ಮ ತಂತಿಗೇ ಬೀಳುತ್ತದೆ. ನಮ್ಮಲ್ಲಿ ಇಂಥ ಹಾದಿಗೆ ಹಳೆಯ ಬಂಡಿದಾರಿಗಳೇ ಅನುಕೂಲ, ಅವು ಹೇಗೂ ಉತ್ತ ಜಾಗವಲ್ಲ.

ಕಾಕಾ ಒಪ್ಪಲು ಒಂದು ವರ್ಷ ಹಿಡಿಯಿತು. ಒಪ್ಪಿದ್ದು ನನ್ನ ಮಾತಿಗಲ್ಲ, ಅವರ ಸೊಸೆಯ ಮಾತಿಗೆ. ಆಕೆ ಪ್ರತಿ ಸಂಜೆ ಹೊಲದಲ್ಲಿ ಇರುತ್ತಿದ್ದವರು, ಹಿಂಡು ಎಲ್ಲಿಂದ ಬರುತ್ತದೆ ಎಂದು ಬೆರಳು ಮಾಡಿ ತೋರಿಸಿದರು.

ಬೆಳೆ ಹೋದದ್ದಕ್ಕೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತದೆ. ಹಾನಿಯಾದ ದಿನವೇ ಹೆಜ್ಜೆಗುರುತು ಕಾಣುವಂತೆ ಫೋಟೊ ತೆಗೆಯಿರಿ, ಪಹಣಿ ಜೊತೆಗಿಟ್ಟು ಅರ್ಜಿ ಹಾಕಿ. ಅದನ್ನು ಬಿಟ್ಟುಕೊಡಬೇಡಿ.

ಬಿಗಿ ಬೇಲಿ ಬೇಕಾದ ಜಾಗ

ಎಲ್ಲ ಕಡೆಯೂ ಕೆಳಗೆ ಮೊಳ ಬಿಡಿ ಎಂದು ನಾನು ಹೇಳುತ್ತಿಲ್ಲ. ಅರ್ಧ ಎಕರೆ ಟೊಮೆಟೊ, ಸಸಿಮಡಿ, ಕೋಳಿ ಮನೆ, ಕುರಿ ಹಟ್ಟಿ ಇವಕ್ಕೆ ನೆಲಕ್ಕೆ ತಾಗಿದ ಜಾಳಿಗೆಯೇ ಸರಿ. ತುಣುಕು ಜಾಗವಾದ್ದರಿಂದ ಪ್ರಾಣಿ ಸುತ್ತಿ ಹೋಗುತ್ತದೆ.

ಕೃಷಿಹೊಂಡಕ್ಕಂತೂ ಬಿಗಿ ಬೇಲಿ ಇಲ್ಲದೆ ಬಿಡಲೇಬೇಡಿ. 2014ರಿಂದ ಕೃಷಿ ಭಾಗ್ಯ ಯೋಜನೆಯಲ್ಲಿ ಊರೂರಿಗೆ ಹೊಂಡ ಆಗಿವೆ. ಒಳಗೆ ಹಾಸಿದ ಪ್ಲಾಸ್ಟಿಕ್ ಹಾಳೆ ಒದ್ದೆಯಾದರೆ ಮನುಷ್ಯರೇ ಮೇಲೆ ಹತ್ತಲಾಗುವುದಿಲ್ಲ. ನೀರಿಗೆ ಬಂದ ಮರಿ ಚಿಗರಿಯ ಗೊರಸು ಅಲ್ಲಿ ಏನು ಹಿಡಿದೀತು? ಸುತ್ತ ಜಾಳಿಗೆ ಹಾಕಿ, ಒಳಗೆ ಒಂದು ಮೂಲೆಯಿಂದ ದಪ್ಪ ಹಗ್ಗಕ್ಕೆ ಗಾಡಿಯ ಹಳೆ ಟೈರು ಕಟ್ಟಿ ನೀರಿನವರೆಗೆ ಇಳಿಬಿಡಿ. ಪ್ರಾಣಿಗೂ ಏಣಿ, ಜಾರಿ ಬಿದ್ದ ಮಕ್ಕಳಿಗೂ ಏಣಿ.

ಕಂಬದಿಂದ ಕರೆಂಟು ಎಳೆದು ಬೇಲಿಗೆ ಬಿಡುವ ಕೆಲಸಕ್ಕೆ ನಾನು ಕೈ ಹಾಕುವುದಿಲ್ಲ, ಎಷ್ಟು ಕೂಲಿ ಕೊಟ್ಟರೂ. ಅದರಿಂದ ನೀರು ಬಿಡಲು ಹೋದ ರೈತರೇ ಸತ್ತಿದ್ದಾರೆ. ಅದು ಅಪರಾಧ. ಮೇಲಾಗಿ ಕೃಷ್ಣಮೃಗ 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ, ಅದನ್ನು ಕೊಂದರೆ ಮೂರರಿಂದ ಏಳು ವರ್ಷ ಜೈಲು. ಸೋಲಾರ್ ಬೇಲಿ ಬೇರೆ, ಅದು ಸೆಕೆಂಡಿಗೊಮ್ಮೆ ಬಡಿದು ಬಿಡುತ್ತದೆ, ಮುಟ್ಟಿದವರು ಕೈ ಎಳೆದುಕೊಳ್ಳಲು ಬಿಡುವಿರುತ್ತದೆ. ಆದರೆ ಅದರ ಕೆಳತಂತಿಯನ್ನು ನೆಲಕ್ಕೆ ಹತ್ತಿರ ಇಡಬೇಡಿ. ದಕ್ಷಿಣ ಆಫ್ರಿಕಾದಲ್ಲಿ ಹಾಗೆ ಇಟ್ಟ ತಂತಿಗೆ ಚಿಪ್ಪುಹಂದಿಗಳೂ ಆಮೆಗಳೂ ಸಾಯುತ್ತವೆ. ಬಡಿದ ಕೂಡಲೇ ಚಿಪ್ಪುಹಂದಿ ಹೆದರಿ ಮೈ ಸುರುಳಿ ಸುತ್ತಿಕೊಳ್ಳುತ್ತದೆ, ತಂತಿಯನ್ನೇ ಸುತ್ತಿಕೊಂಡುಬಿಡುತ್ತದೆ. ಅಲ್ಲಿಗೂ ಅದೇ ಅಳತೆ, ಮೊಳ.

ಹಳೆಯ ಬೇಲಿ ತಿದ್ದುವುದು

ಇದ್ದ ಬೇಲಿ ಕೀಳಬೇಕಿಲ್ಲ. ಹಾದಿ ಇರುವಲ್ಲಿ ಆರೇಳು ಕಂಬದ ಅಂತರದಷ್ಟು ತಿದ್ದಿದರೆ ಬಹಳ ಕೆಲಸ ಆಗುತ್ತದೆ. ಕೆಳಗಿನ ಮುಳ್ಳುತಂತಿಯ ಬೈಂಡಿಂಗ್ ಬಿಚ್ಚಿ ಮೊಳದೆತ್ತರಕ್ಕೆ ಏರಿಸಿ, ಮೇಲಿನ ತಂತಿಯ ಜೊತೆ ಸೇರಿಸಿ ಕಟ್ಟಿ. ಮುಳ್ಳುತಂತಿಯ ಜಾಗಕ್ಕೆ ಹೊಸ ಸಾದಾ ತಂತಿ ಬೇಡ ಎನ್ನುವವರು ಇಂಚು, ಒಂದೂಕಾಲು ಇಂಚಿನ ಹಳೆಯ ಕಪ್ಪು ಪೈಪನ್ನು ಉದ್ದಕ್ಕೆ ಸೀಳಿ ಮುಳ್ಳಿನ ಮೇಲೆ ತೊಡಿಸಿ, ಎರಡು ಕಡೆ ಬಿಗಿದರೆ ಬೆನ್ನಿಗೆ ನುಣುಪು. ಚೈನ್‌ಲಿಂಕ್ ಜಾಳಿಗೆ ಆಗಿದ್ದರೆ ಹಾದಿಯ ಜಾಗದಲ್ಲಿ ಎಂಟು ಫೂಟು ಉದ್ದಕ್ಕೆ ಕೆಳಗಿನ ಮೊಳವನ್ನು ಕತ್ತರಿಸಿ ಮೇಲಕ್ಕೆ ಮಡಿಚಿ, ಕತ್ತರಿಸಿದ ಚೂಪು ತುದಿಗಳನ್ನು ಒಳಕ್ಕೆ ಬಾಗಿಸಿ ತಟ್ಟಿ. ಗೇಟು ಹೊಸದಾಗಿ ಕೂರಿಸುವುದಿದ್ದರೆ ಮೂಲೆಯಲ್ಲಿ ಕೂರಿಸಿ. ನಾಯಿ ಅಟ್ಟಿದ ಚಿಗರಿ ಬೇಲಿಗುಂಟ ಓಡಿ ಕೊನೆಗೆ ಮೂಲೆಯಲ್ಲೇ ಸಿಕ್ಕಿಬೀಳುತ್ತದೆ. ಬೆಳೆ ಇಲ್ಲದ ತಿಂಗಳುಗಳಲ್ಲಿ ಆ ಗೇಟು ತೆರೆದಿಡಿ.

ತಂತಿಯಲ್ಲಿ ಸಿಕ್ಕಿದ್ದು ಕಂಡರೆ

ಮೊದಲು ಜನರನ್ನು ದೂರ ಕಳಿಸಿ. ಮೊಬೈಲು ಹಿಡಿದು ಮುತ್ತುವವರಿಂದಲೇ ಎಷ್ಟೋ ಸಾಯುತ್ತವೆ. ಹೆದರಿಕೆ ಮತ್ತು ಒದ್ದಾಟಕ್ಕೆ ಅದರ ಮೈಯ ಸ್ನಾಯುಗಳೇ ಕೆಟ್ಟು, ಬಿಡಿಸಿದ ಮೇಲೂ ಎಷ್ಟೋ ಸಲ ಚಿಗರಿ ಉಳಿಯುವುದಿಲ್ಲ. ಟಾವೆಲ್ ಅಥವಾ ಧೋತರ ಅದರ ಕಣ್ಣಿನ ಮೇಲೆ ಹೊದಿಸಿ, ಮೂಗು ಬಿಟ್ಟು. ಕತ್ತಲಾದರೆ ಒದ್ದಾಟ ಅರ್ಧ ನಿಲ್ಲುತ್ತದೆ. ಒಬ್ಬರು ಮೈಭಾರ ಎತ್ತಿ ಹಿಡಿಯಬೇಕು, ಗಂಡಾದರೆ ಕೊಂಬಿನ ಬುಡ ಗಟ್ಟಿ ಹಿಡಿಯಬೇಕು, ಇನ್ನೊಬ್ಬರು ತಂತಿ ಕತ್ತರಿಸಬೇಕು. ಬಿಗಿದ ತಂತಿ ತುಂಡಾದಾಗ ಚಾಟಿಯಂತೆ ಹೊಡೆಯುತ್ತದೆ, ಅದಕ್ಕೆ ಕತ್ತರಿಸುವ ಮೊದಲು ಎರಡೂ ಕಡೆ ಕಾಲಿಟ್ಟು ಒತ್ತಿ ಹಿಡಿಯಿರಿ. ಬಾಯಿಗೆ ನೀರು ಹಾಕಬೇಡಿ, ಅದು ಶ್ವಾಸಕ್ಕೆ ಹೋಗುತ್ತದೆ. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ. ಗಾಯ ಆಳವಿದ್ದರೆ ಪಶುವೈದ್ಯರು ಬರುವವರೆಗೆ ನೆರಳಿನಲ್ಲಿ, ಸದ್ದಿಲ್ಲದ ಕಡೆ ಮಲಗಿಸಿ.

ಬೇಲಿಯ ಬುಡದ ಹುಲ್ಲಿನಲ್ಲಿ ಒಂಟಿ ಮರಿ ಮಲಗಿದ್ದು ಕಂಡರೆ ಎತ್ತಿಕೊಂಡು ಬರಬೇಡಿ. ತಾಯಿ ಅದನ್ನು ಅಡಗಿಸಿಟ್ಟು ಮೇಯಲು ಹೋಗಿರುತ್ತದೆ, ಹಾಲುಣಿಸಲು ಬರುತ್ತದೆ.

ವರ್ಷಕ್ಕೊಮ್ಮೆ

ಹಾಕಿದ ಬೇಲಿ ಹಾಗೇ ಇರುವುದಿಲ್ಲ. ಮಳೆಗೆ ಮೇಲಿನ ಹೊಲದ ಮಣ್ಣು ಹರಿದು ಬಂದು ಬೇಲಿಯ ಬುಡಕ್ಕೆ ನಿಲ್ಲುತ್ತದೆ, ಕಸ ಸಿಕ್ಕಿಕೊಂಡು ಅಲ್ಲಿಯೇ ಒಂದು ದಿಬ್ಬ ಆಗುತ್ತದೆ. ಎರಡು ವರ್ಷಕ್ಕೆ ಮೊಳ ಹೋಗಿ ಗೇಣಾಗಿರುತ್ತದೆ. ಕಾಕಾನ ಹೊಲದಲ್ಲೇ ಹಾಗಾಗಿತ್ತು. ತಗ್ಗಿನಲ್ಲಿ ಮೂರು ಕಂಬಗಳ ನಡುವೆ ತಂತಿ ಹೆಚ್ಚೂ ಕಡಿಮೆ ನೆಲಕ್ಕೆ ಬಂದಿತ್ತು. ಅದೇ ಜಾಗದಲ್ಲಿ ಹೆಜ್ಜೆಗಳು ಬೇಲಿಯವರೆಗೆ ಬಂದು, ಪಕ್ಕಕ್ಕೆ ತಿರುಗಿ, ಎರಡು ಕಂಬ ದಾಟಿ ಇನ್ನೊಂದು ಕಡೆ ನುಸುಳಿದ್ದವು. ಸಲಿಕೆ ತಗೊಂಡು ಅವರೂ ನಾನೂ ಅರ್ಧ ದಿನ ಮಣ್ಣು ಎಳೆದೆವು. ಎಳೆದ ಮೇಲೆ ಕಾಕಾ ತಾವೇ ಕೂತು ಮೊಣಕೈ ಊರಿ ನೋಡಿದರು.

ನೀವೂ ಮಿರಗ (ಮೃಗಶಿರಾ ಮಳೆ) ಕೂಡುವ ಎಂಟು ದಿನ ಮೊದಲು, ನೆಲ ಒಣಗಿರುವಾಗಲೇ, ಬೇಲಿಗುಂಟ ಒಮ್ಮೆ ನಡೆಯಿರಿ. ಕಂಬಕಂಬಕ್ಕೆ ಕೂತು ಮೊಳ ಹಾಕಿ. ಸಡಿಲಾದ ತಂತಿ ಜಗ್ಗಿ, ಹರಿದ ಬಿಳಿ ಪಟ್ಟಿ ಬದಲಿಸಿ, ಮುಳ್ಳಿನಲ್ಲಿ ಕೂದಲು ಸಿಕ್ಕಿದೆಯಾ ನೋಡಿ. ಸಿಕ್ಕಿದ್ದರೆ ಅಲ್ಲಿ ಒಂದು ಕಲ್ಲಿಟ್ಟು ಬನ್ನಿ, ಮರುದಿನ ಪೈಪು ಸೀಳಿಕೊಂಡು ಹೋಗಿ ತೊಡಿಸಿ.